ಫ್ಲೆಕ್ಸಿನ ಮೂಲೆಯಲ್ಲಿದ್ದ ಹೊತ್ತು

ಜಯಕ್ಕ, ನಿಮ್ಮ ಮಾವನವರ ಶ್ರದ್ಧಾಂಜಲಿ ಫ್ಲೆಕ್ಸಿನ ಮೂಲೆಯಲ್ಲಿ ಅಚ್ಚಾಗಿದ್ದ ಹೊತ್ತು ಸುಳ್ಳು. ಅದು ಸುಳ್ಳೆಂದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ, ನಿಮ್ಮ ಚಿಕ್ಕಮಾವ ಅಂಗಡಿಗೆ ಬಂದು ಎದುರು ನಿಂತು ಕೇಳಿದಾಗ, ಸರಿಯಾಗಿಯೇ ಇದೆ ಎಂದುಬಿಟ್ಟೆ. ನೀವು ಗಂಡನ ಮನೆ ಬಿಟ್ಟದ್ದು ನನ್ನ ಆ ಒಂದು ಮಾತಿನಿಂದ.

ಬರೆದುಬಿಟ್ಟೆ. ಏಳು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದದ್ದು ನಾಲ್ಕು ಸಾಲಿಗೆ ಮುಗಿದುಹೋಯಿತು. ಇಷ್ಟೇನಾ ಅನ್ನಿಸುತ್ತದೆ — ಆದರೆ ಇಷ್ಟೇ ಅಲ್ಲ.

ನಿಮಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ಈ ಕಾಗದ ನಿಮ್ಮೊಬ್ಬರಿಗಲ್ಲ. ಕೋಡಿಹಳ್ಳಿಯ ನಿಮ್ಮ ಗಂಡನ ಮನೆಯ ಜಗಲಿಯ ಮೇಲೆ ಅಂದು ಕೂತು ನ್ಯಾಯ ಹೇಳಿದವರೂ ಇದನ್ನು ಕೇಳಬೇಕು. ಅವರಿಗೆ ಕಂಪ್ಯೂಟರಿನ ಒಳಗುಟ್ಟು ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಆಗ ನಾನು ಕನಕಪುರದಲ್ಲಿ ಚಂದ್ರಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದೆ. ನಮ್ಮ ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ. ನಮ್ಮ ಸೀಮೆಯ ಜನಕ್ಕೆ ಹುಟ್ಟಿದರೂ ಫ್ಲೆಕ್ಸ್ ಬೇಕು, ಗೆದ್ದರೂ ಬೇಕು, ಸತ್ತರೂ ಬೇಕು. ಅದರಲ್ಲೂ ಸಾವಿನ ಫ್ಲೆಕ್ಸ್ ಅಂದರೆ ಉಳಿದ ಕೆಲಸವೆಲ್ಲ ಪಕ್ಕಕ್ಕೆ. ದೂರದ ನೆಂಟರು ಬಸ್ಸಿಳಿಯುವ ಹೊತ್ತಿಗೆ ಊರ ಮುಂದೆ ಹೋದವರ ಮುಖ ನಿಂತಿರಬೇಕು. ಇಲ್ಲದಿದ್ದರೆ ಗಂಡು ದಿಕ್ಕಿಲ್ಲದ ಮನೆಯ ಸಾವಾ ಇದು ಎಂದು ಆಡಿಕೊಳ್ಳುತ್ತಾರೆ. ಎಷ್ಟು ಮುಖಗಳ ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಕೂರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಮೊದಲು ಎದೆ ಝಲ್ಲೆನ್ನುತ್ತಿತ್ತು. ಆಮೇಲೆ ಆ ಮುಖಗಳನ್ನೇ ಬೆಳ್ಳಗೆ ಮಾಡಿ, ಗಲ್ಲದ ಕಲೆ ಅಳಿಸಿ, ಟೀ ಕುಡಿದುಕೊಂಡು ಕೂರುತ್ತಿದ್ದೆ.

ಚಂದ್ರಣ್ಣನದು ಒಂದು ಕಟ್ಟುನಿಟ್ಟು ಇತ್ತು. ಪ್ರತಿ ಫ್ಲೆಕ್ಸಿನ ಕೆಳಮೂಲೆಯಲ್ಲಿ ಅಂಗಡಿಯ ಫೋನ್ ನಂಬರು, ಅದರ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಫೈಲಿನ ಹೆಸರು, ತಾರೀಖು, ಹೊತ್ತು. ತಡವಾಗಿ ಮಾಡಿಕೊಟ್ಟಿರಿ ಎಂದು ಯಾರೋ ಅಂಗಡಿಯ ಮುಂದೆ ರಂಪ ಮಾಡಿದ ಮೇಲೆ ಶುರುವಾದ ಪದ್ಧತಿ ಅದು. ಆ ಹೊತ್ತನ್ನು ನಾನು ಬರೆಯುತ್ತಿರಲಿಲ್ಲ. ಕೆಲಸ ಮುಗಿಸಿದಾಗ ಕಂಪ್ಯೂಟರೇ ತನ್ನ ಗಡಿಯಾರ ನೋಡಿಕೊಂಡು ಹಾಕುತ್ತಿತ್ತು. ಆದ್ದರಿಂದಲೇ ಜನ ಅದನ್ನು ನಂಬುತ್ತಿದ್ದರು. ಮನುಷ್ಯ ಬರೆದದ್ದಾದರೆ ಅನುಮಾನ ಪಡುತ್ತಾರೆ.

ಈಗ ನನ್ನ ಕಳ್ಳತನ ಹೇಳುತ್ತೇನೆ.

ಹಳ್ಳಿಹಳ್ಳಿಯಿಂದ ಬರುವ ಪೆನ್‌ಡ್ರೈವ್‌ಗಳಲ್ಲಿ ಫೋಟೋಗಿಂತ ವೈರಸ್ಸೇ ಜಾಸ್ತಿ. ತಿಂಗಳಿಗೊಮ್ಮೆ ಕಂಪ್ಯೂಟರ್ ಕೈಕಾಲು ಬಿಡುವುದು, ಚಂದ್ರಣ್ಣ ನನ್ನ ಮೇಲೆ ಹಾರಾಡುವುದು ಇದ್ದದ್ದೇ. ನನ್ನ ಹತ್ತಿರ ಐಟಿಐ ಓದುವಾಗ ಸಿಕ್ಕಿದ್ದ ಒಂದು ಲಿನಕ್ಸ್ ಡಿಸ್ಕ್ ಇತ್ತು — ವಿಂಡೋಸಿನ ಬದಲಿಗೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಆ ವೈರಸ್ಸುಗಳ ಆಟ ಅದರಲ್ಲಿ ನಡೆಯುವುದಿಲ್ಲ. ಪೆನ್‌ಡ್ರೈವನ್ನು ಮೊದಲು ಅದರಲ್ಲಿ ತೆರೆದು ತೊಳೆದು, ಆಮೇಲೆ ಹಳೆಯ ವಿಂಡೋಸಿಗೆ ಬಂದು ಕೆಲಸ ಮಾಡಿದರೆ ತಲೆನೋವೇ ಇರುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಪೂರ್ತಿ ಹೊಸದಕ್ಕೇ ಹೋಗುವಂತಿರಲಿಲ್ಲ — ನಮ್ಮ ಡಿಸೈನಿನ ತಂತ್ರಾಂಶವಾಗಲಿ, ಹಳೆಯ ಕನ್ನಡ ಅಕ್ಷರಗಳಾಗಲಿ ಅದರಲ್ಲಿ ಬರುತ್ತಿರಲಿಲ್ಲ, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಆದ್ದರಿಂದ ಎರಡೂ ಬೇಕು, ಒಂದೇ ಡಬ್ಬಿಯಲ್ಲಿ. ಚಂದ್ರಣ್ಣನಿಗೆ ಹೇಳಿದರೆ, “ಅದರ ತಂಟೆಗೆ ಹೋದ್ರೆ ಅವತ್ತೇ ನಿನ್ ಕೆಲ್ಸ ಕೊನೆ, ತಿಳ್ಕೊ,” ಎಂದ. ಅವನು ಫ್ಲೆಕ್ಸ್ ರೋಲ್ ತರಲು ಬೆಂಗಳೂರಿಗೆ ಹೋದ ದಿನ ನಾನು ಹಾಕಿಯೇಬಿಟ್ಟೆ. ಅವನಿಗೆ ಹೇಳಲಿಲ್ಲ.

ಒಂದೇ ಒರೆಯಲ್ಲಿ ಎರಡು ಕತ್ತಿ ಅನ್ನುತ್ತಾರಲ್ಲ, ಅನುಭವಿಸಿದವರಿಗೇ ಗೊತ್ತು. ಒಂದೇ ಅಡುಗೆಮನೆಯ ಇಬ್ಬರು ವಾರಗಿತ್ತಿಯರ ಹಾಗೆ — ಒಬ್ಬಳು ಇಟ್ಟದ್ದು ಇನ್ನೊಬ್ಬಳ ಕಣ್ಣಿಗೆ ಬೀಳುವುದಿಲ್ಲ, ಒಬ್ಬಳು ಮಲಗಿದ್ದಾಗ ಇನ್ನೊಬ್ಬಳು ಡಬ್ಬ ಮುಟ್ಟುವಂತಿಲ್ಲ. ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಬರುತ್ತಿದ್ದವು. ಕೆಳಗೆ ಹತ್ತರಿಂದ ಒಂದರವರೆಗೆ ಎಣಿಕೆ. ಅಷ್ಟರೊಳಗೆ ಯಾವುದು ಬೇಕೆಂದು ಒತ್ತದಿದ್ದರೆ ತಾನಾಗಿ ಹಳೇದರೊಳಗೆ ಹೊಕ್ಕುಬಿಡುತ್ತಿತ್ತು. ಒಂದು ಫೋಟೋಗಾಗಿ ಎರಡೆರಡು ಸಲ ಆರಿಸಿ ಹಾಕಬೇಕು. ಒಂದು ಬೆಳಿಗ್ಗೆ ಆ ಪಟ್ಟಿಯೇ ಮಾಯವಾಗಿ, ಚಂದ್ರಣ್ಣ ಬರುವುದರೊಳಗೆ ಸರಿಮಾಡಲು ಹೋಗಿ ಬೆವರಿನಲ್ಲಿ ನೆಂದಿದ್ದೆ.

ಎಲ್ಲಕ್ಕಿಂತ ದೊಡ್ಡ ಕಾಟ ಗಡಿಯಾರದ್ದು. ಜಗಲಿಯ ಮೇಲೆ ಕೂತವರಿಗೆ ಇದೊಂದು ಅರ್ಥವಾದರೆ ಸಾಕು. ಡಬ್ಬಿಯೊಳಗೆ ಗಡಿಯಾರ ಇರುವುದು ಒಂದೇ. ಹಳೇದು, ಅಂದರೆ ವಿಂಡೋಸು, ಅದರಲ್ಲಿ ನಮ್ಮ ಗೋಡೆಯ ಗಡಿಯಾರದ ಹೊತ್ತನ್ನೇ ಬರೆದಿಡುತ್ತದೆ. ಹೊಸದು, ಆ ಲಿನಕ್ಸು, ಹಾಗಲ್ಲ; ಅದು ಇಂಗ್ಲೆಂಡಿನ ಕಡೆಯ ಹೊತ್ತನ್ನು ಬರೆದಿಟ್ಟು, ನಮಗೆ ತೋರಿಸುವಾಗ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಹೊಸದರಿಂದ ಹಳೇದಕ್ಕೆ ಬಂದಿರಾ — ಹಳೇದಕ್ಕೆ ಈ ಕೂಡಿಸುವ ಸಂಗತಿ ಗೊತ್ತಿಲ್ಲ, ಬರೆದಿದ್ದನ್ನೇ ನಿಜವೆಂದು ಓದುತ್ತದೆ. ಗೋಡೆಯ ಮೇಲೆ ಬೆಳಿಗ್ಗೆ ಹತ್ತಾದರೆ ಅದರ ಪ್ರಕಾರ ಇನ್ನೂ ನಾಲ್ಕೂವರೆ, ಕತ್ತಲು. ನಾನು ಪ್ರತಿ ಸಲ ಕೈಯಲ್ಲಿ ತಿದ್ದುತ್ತಿದ್ದೆ. ಒಮ್ಮೊಮ್ಮೆ ತಿದ್ದುವುದರೊಳಗೆ ಚಂದ್ರಣ್ಣ ನೋಡಿಬಿಡುತ್ತಿದ್ದ. ಒಳಗಿನ ಸೆಲ್ ಹೋಗಿರಬೇಕೆಂದು ಎರಡು ಸಲ ಹೊಸ ಸೆಲ್ ಹಾಕಿಸಿದ. ಆಮೇಲೂ ಒಂದು ದಿನ ಹಗಲು ಹನ್ನೊಂದಕ್ಕೆ ಅದು ಐದೂವರೆ ತೋರಿಸಿದಾಗ, “ಇದುಕ್ಕೆ ಗಾಳಿ ಗೀಳಿ ಮೆಟ್ಕಂಡೈತೆ ಕಣವ್ವ,” ಎಂದು ನಿಂಬೆಹಣ್ಣು ಮೆಣಸಿನಕಾಯಿ ತಂದು ಮಾನಿಟರಿಗೆ ಕಟ್ಟಿದ. ನಾನು ಒಳಗೊಳಗೇ ನಕ್ಕಿದ್ದೆ.

ನೀವು ಬಂದದ್ದು ಪಂಚಾಯ್ತಿ ಎಲೆಕ್ಷನ್ನಿನ ಕಾಲ. ಫ್ಲೆಕ್ಸ್ ಅಚ್ಚು ಹಾಕುವ ಯಂತ್ರ ಬೆಳಗಿನ ಜಾವ ನಾಲ್ಕರಿಂದಲೇ ಓಡುತ್ತಿತ್ತು. ಅಂದು ಹತ್ತು ಗಂಟೆ ದಾಟಿತ್ತು, ಜಯಕ್ಕ. ಹತ್ತೂ ಕಾಲು. ಅದು ನನಗೆ ಯಾಕೆ ಖಚಿತವಾಗಿ ನೆನಪಿದೆ ಎಂದರೆ, ಎದುರಿನ ಹೋಟೆಲಿನಿಂದ ದಿನಾ ಹತ್ತಕ್ಕೆ ಬರುವ ಟೀ ಕುಡಿದು ಲೋಟ ಇನ್ನೂ ಕೆಳಗಿಟ್ಟಿರಲಿಲ್ಲ. ನೀವು ಸ್ಕೂಟರ್ ನಿಲ್ಲಿಸಿ ಒಳಗೆ ಬಂದಿರಿ. ಡೇರಿಗೆ ಹಾಲು ಹಾಕಲು ಹೋಗಿದ್ದ ಸೀರೆಯಲ್ಲೇ ಇದ್ದಿರಿ, ಸೆರಗಿನಲ್ಲಿ ಹಸಿಹಾಲಿನ ವಾಸನೆ. ಅಳುತ್ತಿರಲಿಲ್ಲ. ಮುಷ್ಟಿ ಬಿಡಿಸಿ ಪೆನ್‌ಡ್ರೈವ್ ಕೊಟ್ಟಿರಿ.

“ನಮ್ಮಾವ ಹೋಗ್ಬುಟ್ರು ಕಣವ್ವ, ಎಂಟೂವರೇಲಿ. ಒಸಿ ಬೇಗ ಮಾಡ್ಕೊಡು. ಮೂರ್ ಗಂಟೆಗೆ ಮಣ್ ಮಾಡ್ತಾರೆ. ನಮ್ಮೆಜಮಾನ್ರು ಲಾರಿ ತಕಂಡು ಹೊಸೂರ್ ಕಡೆಗೆ ಹೋಗವ್ರೆ, ಇನ್ನೂ ಬರ್ಬೇಕು. ನಾನೇ ಬಂದೆ.”

ಪೆನ್‌ಡ್ರೈವಿನಲ್ಲಿ ಯಾವುದೋ ಮದುವೆಯ ಫೋಟೋಗಳಿದ್ದವು, ಜೊತೆಗೆ ಎಂದಿನಂತೆ ವೈರಸ್ಸು. ಹೊಸದಕ್ಕೆ ಹೋದೆ, ತೊಳೆದೆ, ಹಳೇದಕ್ಕೆ ಬಂದೆ. ನೀವು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಿರಿ.

“ಅದೇ, ಪ್ಯಾಟ ಕಟ್ಕಂಡು ನಗ್ತಾವ್ರಲ್ಲ, ಅದ್ನ ಹಾಕವ್ವ. ನಾನ್ ಸತ್ರೆ ಇದ್ನೇ ಹಾಕ್ಸು ಕಣಮ್ಮಿ ಅಂತಿದ್ರು.”

ಆ ಫೋಟೋದಲ್ಲಿ ಪಕ್ಕದಿಂದ ಒಂದು ಕೈ ಬಂದಿತ್ತು. ಹಸಿರು ಬಳೆಯ ಕೈ, ನೀರಿನ ಲೋಟ ನೀಡುತ್ತಿರುವ ಕೈ. ನಾನು ಅದರ ಮೇಲೆ ಬರಿ ನೀಲಿ ತುಂಬಿ ಮರೆಮಾಡಿದೆ. “ಅದು ನನ್ ಕೈನೇಯ,” ಎಂದಿರಿ ನೀವು. ಅಷ್ಟೊತ್ತಿಗೆ ನಿಮ್ಮ ದನಿ ಒಡೆಯಿತು. ನಾನು ಗಡಿಬಿಡಿಯಲ್ಲಿ ಹೆಸರು, ಊರು ಕೂರಿಸಿ, ಮುಗಿಸಿ, ಅಚ್ಚಿಗೆ ಕಳಿಸಿದೆ. ಗೋಡೆಯ ಮೇಲೆ ಆಗ ಹತ್ತು ನಲವತ್ತೆರಡು. ಗಡಿಯಾರ ತಿದ್ದಲು ಮರೆತಿದ್ದೆ. ಮೂಲೆಯಲ್ಲಿ ಬೆಳಿಗ್ಗೆ ಐದು ಗಂಟೆ ಹನ್ನೆರಡು ನಿಮಿಷ ಎಂದು ಅಚ್ಚಾಯಿತು. ಎಂಟೂವರೆಗೆ ಸತ್ತವರ ಶ್ರದ್ಧಾಂಜಲಿ.

ನೀವು ಹೋದ ಅರ್ಧ ಗಂಟೆಗೆ ನನಗೆ ಕಂಡಿತ್ತು. ಪರದೆಯ ಮೂಲೆಯಲ್ಲಿ ಹೊತ್ತು ನೋಡಿ ಅಯ್ಯೋ ಎಂದುಕೊಂಡು ತಿದ್ದಿದೆ. ಆ ಸಣ್ಣ ಅಕ್ಷರ ಯಾರು ಓದುತ್ತಾರೆ ಎಂದು ಸುಮ್ಮನಾದೆ. ಅದು ತಪ್ಪೇ ಹೊರತು ಪಾಪವಲ್ಲ. ಪಾಪ ಮಾಡಿದ್ದು ಆರನೆಯ ದಿನ.

ನಿಮ್ಮ ಚಿಕ್ಕಮಾವ ತಿಥಿ ಕಾರ್ಡು ಮಾಡಿಸಲು ಅಂಗಡಿಯ ನಂಬರಿಗಾಗಿ ಫ್ಲೆಕ್ಸಿನ ಮೂಲೆಗೆ ಕಣ್ಣಿಟ್ಟು ಓದಿದ್ದರು. ನಂಬರಿನ ಪಕ್ಕದಲ್ಲೇ ಇತ್ತು ಅದು. ಕುಡುಗೋಲಿನಿಂದ ಆ ಮೂಲೆಯನ್ನು ಅಂಗೈಯಗಲ ಕೊಯ್ದು, ಜೇಬಿನಲ್ಲಿಟ್ಟುಕೊಂಡು ಬಂದರು. ಮಧ್ಯಾಹ್ನ ಹನ್ನೆರಡು ಇರಬಹುದು. ಟೇಬಲಿನ ಮೇಲೆ ಇಟ್ಟರು.

“ಏನವ್ವ, ಈ ಟೈಮು ನೀನ್ ಬರ್ದಿರಾದಾ, ಮಿಷನ್ ಹಾಕಿರಾದಾ?”

“ಮಿಷನ್ನೇ ಹಾಕುತ್ತೆ ಅಣ್ಣ.”

“ನಮ್ಮಣ್ಣನ ಜೀವ ಹೋಗಿದ್ದು ಎಂಟೂವರೇಲಿ. ನಾನೇ ಬಾಯ್ಗೆ ನೀರ್ ಬುಟ್ಟಿದ್ದು. ಐದ್ ಗಂಟೇಲಿ ಇದ್ ಹೆಂಗ್ ಬಂತು? ನಮ್ಮ ಜಯ, ನಾನ್ ಹತ್ ಗಂಟೆ ಮೇಲೆ ಹೋಗಿದ್ದು, ಬೇಕಾದ್ರೆ ಆ ಅಂಗಡಿ ಹುಡ್ಗೀನ ಕೇಳಿ, ಅವ್ಳೇ ನೋಡವ್ಳೆ ಅಂತ ಹೇಳ್ತವ್ಳೆ. ಅದ್ಕೇ ಕೇಳಕ್ ಬಂದೆ.”

ನೀವು ನನ್ನನ್ನು ಸಾಕ್ಷಿಗೆ ಕರೆದಿದ್ದಿರಿ, ಜಯಕ್ಕ. ಬೇರೆ ಯಾರೂ ಇರಲಿಲ್ಲ ನಿಮಗೆ. ಹಿಂದಿನ ಸಂಜೆ ನೀವು ಮಾವನ ಮಾತ್ರೆ ತರಲು ಕನಕಪುರಕ್ಕೆ ಬಂದದ್ದು ಊರಿಗೆಲ್ಲ ಗೊತ್ತಿತ್ತು. ಫ್ಲೆಕ್ಸ್ ಮಾಡಲು ಹೇಳಿ ಬಂದದ್ದು ಆ ಸಂಜೆಯೇ, ಬೆಳಿಗ್ಗೆ ಹೋದದ್ದು ಬರಿ ತರಲಿಕ್ಕೆ ಎಂದು ಆಗಲೇ ಜನ ಕತೆ ಕಟ್ಟಿದ್ದರು.

ನಾನು ಬಾಯಿ ತೆರೆದೆ. ನಿಜ ಹೇಳುವುದಕ್ಕೇ ತೆರೆದದ್ದು — ಹಾಗೆಂದುಕೊಳ್ಳುತ್ತೇನೆ. ಅಷ್ಟರಲ್ಲಿ ಚಂದ್ರಣ್ಣ ಒಳಗಿನಿಂದ ಬಂದ. ಅವನ ತಪ್ಪಿಲ್ಲ, ಅವನಿಗೆ ಗೊತ್ತಿದ್ದದ್ದನ್ನು ಹೇಳಿದ. “ನಮ್ ಮಿಷನ್ ಟೈಮ್ ತಪ್ಪಾಕಿಲ್ಲ ಗೌಡ್ರೆ. ಮೊನ್ನೆ ತಾನೆ ಹೊಸಾ ಸೆಲ್ ಹಾಕ್ಸಿವ್ನಿ. ನೋಡಿ ಬೇಕಾದ್ರೆ, ಗ್ವಾಡೇದೂ ಅಷ್ಟೇ, ಇದ್ರುದೂ ಅಷ್ಟೇ.” ಇಬ್ಬರೂ ಗೋಡೆ ನೋಡಿದರು, ಪರದೆ ನೋಡಿದರು. ಎರಡೂ ಸರಿಯಾಗಿದ್ದವು. ಬೆಳಿಗ್ಗೆ ನಾನೇ ಕೈಯಾರೆ ತಿದ್ದಿದ್ದೆನಲ್ಲ. ಆಮೇಲೆ ಚಂದ್ರಣ್ಣ ನನ್ನ ಕಡೆ ತಿರುಗಿ, “ಏನಾರ ಮುಟ್ಟಿದ್ದೇನವ್ವ ನೀನು?” ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ, ಅಷ್ಟು ಗಟ್ಟಿ ಇದ್ದೆ. “ಇಲ್ಲಣ್ಣ,” ಎಂದೆ. ನಿಮ್ಮ ಚಿಕ್ಕಮಾವನ ಕಡೆ ತಿರುಗಿ ಇಷ್ಟು ಹೇಳಿದೆ: “ಅವ್ರು ಯಾವಾಗ ಬಂದಿದ್ರೋ ನಂಗೆ ನೆನಪಿಲ್ಲ ಅಣ್ಣ, ದಿನಾ ಎಷ್ಟೋ ಜನ ಬತ್ತಾರೆ. ಕಂಪ್ಯೂಟರಲ್ಲಿ ಬಂದಿರೋ ಟೈಮ್ ಸರಿಯಾಗೇ ಇರುತ್ತೆ.”

ಅವರು ಆ ತುಂಡನ್ನು ಎತ್ತಿಕೊಂಡು, ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು ಹೋದರು. ತಿಥಿ ಕಾರ್ಡಿನ ಮಾತೇ ಎತ್ತಲಿಲ್ಲ.

ಚಂದ್ರಣ್ಣ ಊಟಕ್ಕೆ ಹೋದ. ಅಂಗಡಿಯಲ್ಲಿ ನಾನೊಬ್ಬಳೇ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆ ಫೈಲನ್ನು ಅಳಿಸಿಬಿಡೋಣ ಎಂದುಕೊಂಡೆ. ತೆರೆದು ನೋಡಿದೆ — ಪೇಟ ಕಟ್ಟಿಕೊಂಡು ನಗುತ್ತಿದ್ದ ನಿಮ್ಮ ಮಾವ, ಕೆಳಗೆ ಐದು ಹನ್ನೆರಡು. ಅವರ ಮುಖದ ಎದುರೇ ಅಳಿಸಲು ಕೈ ಬರಲಿಲ್ಲ. ಹೊಸದಕ್ಕೆ ಹೋಗಿ ಅಲ್ಲಿಂದ ಅಳಿಸೋಣ, ಅಲ್ಲಾದರೆ ಮುಖ ಕಾಣುವುದಿಲ್ಲ, ಬರಿ ಹೆಸರು ಎಂದುಕೊಂಡು ಅವಸರದಲ್ಲಿ ಹಳೇದನ್ನು ಪೂರ್ತಿ ಮುಚ್ಚದೆ ಹಾಗೇ ನಿದ್ದೆಗೆ ಹಾಕಿ ಹೊಸದನ್ನು ತೆರೆದೆ. ಹೆಸರಿತ್ತು. ಅಳಿಸು ಎಂದು ಒತ್ತಿದೆ. ಆಗಲಿಲ್ಲ. ಇನ್ನೊಂದು ಕಡೆ ಇನ್ನೂ ನಿದ್ದೆಯಲ್ಲಿದೆ, ಅದರದನ್ನು ಓದಬಹುದು, ಮುಟ್ಟುವಂತಿಲ್ಲ ಎಂಬರ್ಥದ ಒಂದು ಸಾಲು ಬಂತು. ಮೂರು ಸಲ ಒತ್ತಿದೆ, ಮೂರು ಸಲವೂ ಅದೇ ಸಾಲು. ಇದು ಯಾಕೆಂದು ನನಗೆ ಚೆನ್ನಾಗಿ ಗೊತ್ತು. ಮಲಗಿರುವ ಕಡೆಯದನ್ನು ಎಚ್ಚರ ಇರುವ ಕಡೆ ಕೆಡಿಸಬಾರದೆಂದು ಮಾಡಿರುವ ಏರ್ಪಾಡು. ಗೊತ್ತಿದ್ದರೂ ನಾಲ್ಕನೆಯ ಸಲ ಒತ್ತಲಿಲ್ಲ.

ಎದ್ದು ನೀರು ಕುಡಿಯಲು ಹೋದೆ. ಹಿಂದೆ ಕಂಪ್ಯೂಟರ್ ತಾನೇ ಆರಿ, ತಾನೇ ಹತ್ತಿಕೊಂಡ ಸದ್ದು. ಕರೆಂಟು ಕಣ್ಣು ಮಿಟುಕಿಸಿ ಹೋಗಿ ಬಂದಿತ್ತು, ಅಷ್ಟೇ — ನಮ್ಮ ಬೀದಿಯಲ್ಲಿ ದಿನಾ ಆಗುವುದೇ. ಕಪ್ಪು ಪರದೆ, ಎರಡು ಹೆಸರು, ಎಣಿಕೆ. ಏಳು, ಆರು, ಐದು… ಓಡಿ ಬಂದು ಒತ್ತಬಹುದಿತ್ತು. ಚೊಂಬು ಹಿಡಿದುಕೊಂಡು ನಿಂತೇ ಇದ್ದೆ. ಅದು ಹಳೇದರೊಳಗೆ ಹೊಕ್ಕಿತು. ನಿದ್ದೆಗೆ ಹಾಕಿದ್ದೆನಲ್ಲ, ಎದ್ದಾಗ ಬಿಟ್ಟಲ್ಲಿಂದಲೇ ಎದ್ದಿತು. ಪರದೆಯ ತುಂಬ ನಿಮ್ಮ ಮಾವನ ಮುಖ. ಗೋಡೆಯ ಮೇಲೆ ಮಧ್ಯಾಹ್ನ ಎರಡು. ಆ ಮುಖದ ಕೆಳಗಿನ ಗಡಿಯಾರದಲ್ಲಿ ಬೆಳಿಗ್ಗೆ ಎಂಟೂವರೆ.

ಎಲ್ಲಕ್ಕೂ ಕಾರಣವಿದೆ. ಎರಡರಲ್ಲಿ ಐದೂವರೆ ಕಳೆದರೆ ಎಂಟೂವರೆ, ಯಾರು ಬೇಕಾದರೂ ಕಳೆದು ನೋಡಬಹುದು. ಆದರೆ ಅಂದು ಆ ಅಂಗಡಿಯಲ್ಲಿ, ನಿಂಬೆಹಣ್ಣು ಒಣಗಿ ಜೋತಾಡುತ್ತಿದ್ದ ಆ ಪರದೆಯಲ್ಲಿ, ನಿಮ್ಮ ಮಾವನ ಜೀವ ಆಗಷ್ಟೇ ಹೋಗುತ್ತಿತ್ತು. ನಾನು ನೋಡುತ್ತ ನಿಂತಿದ್ದೆ. ಹೆದರಿ ಕೈಗೆ ಸಿಕ್ಕಿದ ಸ್ವಿಚ್ ಆರಿಸಿ, ತಲೆನೋವು ಎಂದು ಹೇಳಿ ಮನೆಗೆ ಹೋಗಿ ಮುಸುಕು ಹಾಕಿ ಮಲಗಿದೆ. ಆ ಫೈಲನ್ನು ಆಮೇಲೆ ಎಂದೂ ಅಳಿಸಲಿಲ್ಲ.

ಮುಂದಿನದನ್ನು ನಾನು ಚಂದ್ರಣ್ಣನ ಬಾಯಲ್ಲಿ ಕೇಳಿದ್ದು. ತಿಥಿ ಮುಗಿದ ಮರುದಿನ ಜಗಲಿಯ ಮೇಲೆ ಹಿರಿಯರು ಕೂತರಂತೆ. ಒಬ್ಬರು ನೀವು ತಂದ ಮಾತ್ರೆಯ ಮೇಲೇ ಅನುಮಾನ ಎತ್ತಿದರಂತೆ. ಅದಕ್ಕಿಂತ ಹೆಚ್ಚು ಜನ ಹೇಳಿದ್ದು ಇನ್ನೊಂದು — “ಬದುಕಿರೋ ಮನ್ಸಂಗೆ ಶ್ರದ್ಧಾಂಜಲಿ ಬರ್ಸುದ್ರೆ ಜೀವ ನಿಂತದ್ದಾ? ಇವ್ಳೇ ಕರ್ದು ಕಳ್ಸವ್ಳೆ.” ನೀವು ಕರ್ಪೂರ ಹಚ್ಚಿ ಆಣೆ ಮಾಡಿದಿರಂತೆ. ನಿಮ್ಮ ಚಿಕ್ಕಮಾವ ಜೇಬಿನಿಂದ ಆ ತುಂಡು ತೆಗೆದು, “ಮಿಷನ್‌ಗೆ ನಿನ್ ಮ್ಯಾಲೆ ಏನ್ ದ್ವೇಷ್ವಾ? ಆ ಹುಡ್ಗೀನೂ ಸರಿಯಾಗೈತೆ ಅಂದ್ಲು,” ಎಂದರಂತೆ. ನಿಮ್ಮ ಯಜಮಾನರು ತಲೆ ತಗ್ಗಿಸಿಕೊಂಡು ಕೂತಿದ್ದರಂತೆ. ನಾಲ್ಕು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನೀವು ಸೋಲೂರಿನ ತಾಯಿಮನೆಗೆ ಹೊರಟಿರಿ. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಎರಡು ವರ್ಷದ ಮೇಲೆ ಅವರಿಗೆ ಇನ್ನೊಂದು ಮದುವೆಯಾಯಿತು. ಆ ಮದುವೆಯ ಫ್ಲೆಕ್ಸನ್ನೂ ನಾನೇ ಮಾಡಿದೆ, ಜಯಕ್ಕ. ಮೂಲೆಯಲ್ಲಿ ಹೊತ್ತು ಸರಿಯಾಗಿತ್ತು.

ಈ ಗಡಿಯಾರದ ಜಗಳಕ್ಕೆ ಒಂದೇ ಸಾಲಿನ ರಿಪೇರಿ ಇದೆ ಎಂದು ಆಮೇಲೆ ಕಲಿತೆ. ಹೊಸದಕ್ಕೆ, ನೀನೂ ಗೋಡೆಯ ಹೊತ್ತನ್ನೇ ಬರಿ ಎಂದು ಒಂದು ಸಾಲಿನಲ್ಲಿ ಹೇಳಿದರೆ ಮುಗಿಯಿತು.

ಚಂದ್ರಣ್ಣ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಗುಜರಿಗೆ ಹಾಕಲು ಹೊರಟಿದ್ದ. ನಾನು ಬೇಡಿ ತೆಗೆದುಕೊಂಡೆ. ಪ್ರೀತಿಯಿಂದಲ್ಲ, ಬೇರೆ ಯಾರಾದರೂ ಅದನ್ನು ಹಾಕಿ, ಆ ಎರಡು ಹೆಸರು ನೋಡಿ, ಕಾರಣ ಕಂಡುಹಿಡಿದುಬಿಟ್ಟರೆ ಎಂಬ ಭಯದಿಂದ. ಮಾಗಡಿಯಲ್ಲಿ ನನ್ನದೇ ಸಣ್ಣ ಜೆರಾಕ್ಸ್ ಅಂಗಡಿ ಮಾಡಿದಾಗ ಅದೂ ಬಂತು. ಟೇಬಲಿನ ಕೆಳಗೆ, ಹಳೆ ಟವಲಿನಡಿ ಇದೆ. ಆ ಒಂದು ಸಾಲನ್ನು ಅದಕ್ಕೆ ನಾನು ಇಂದಿಗೂ ಬರೆದಿಲ್ಲ. ಯಾಕೆ — ಹೇಳಲು ಹೋದರೆ ಹುಚ್ಚು ಅನ್ನುತ್ತೀರಿ. ಒಮ್ಮೊಮ್ಮೆ ಬೆಳಿಗ್ಗೆ ಜನ ಕಡಿಮೆಯಿದ್ದಾಗ ಅದನ್ನು ಹಾಕುತ್ತೇನೆ; ಹೊಸದಕ್ಕೆ ಹೋಗಿ ಹಳೇದಕ್ಕೆ ಬರುತ್ತೇನೆ. ಇಲ್ಲಿ ಬೀದಿಯಲ್ಲಿ ಹತ್ತೂ ನಲವತ್ತೆರಡು, ಬಸ್ಸುಗಳ ಹಾರನ್ನು. ಅದರೊಳಗೆ ಐದು ಹನ್ನೆರಡು. ಅಲ್ಲಿ ನಿಮ್ಮ ಮಾವ ಇನ್ನೂ ಉಸಿರಾಡುತ್ತಿದ್ದಾರೆ. ನೀವು ಹಾಲು ಕರೆದು ಡೇರಿಗೆ ಹೊರಟಿದ್ದೀರಿ, ಮಗು ಒಳಗೆ ಮಲಗಿದೆ. ನಿಮ್ಮನ್ನು ಯಾರೂ ಏನೂ ಕೇಳಿಲ್ಲ. ಇನ್ನೂ ಮೂರು ಗಂಟೆಗೂ ಮೇಲೆ ಟೈಮಿದೆ ಅನ್ನಿಸುತ್ತದೆ. ಆರಿಸಿಬಿಡುತ್ತೇನೆ.

ಕಳೆದ ಗುರುವಾರ ನೀವು ನನ್ನ ಅಂಗಡಿಗೆ ಬಂದಿರಿ.

ಮಗಳ ಹಾಸ್ಟೆಲ್ ಅರ್ಜಿಗೆ ಜೆರಾಕ್ಸ್ ಬೇಕಿತ್ತು. ನಾನು ನಿಮ್ಮನ್ನು ಕಂಡ ಕೂಡಲೇ ಗುರುತು ಹಿಡಿದೆ, ತಲೆ ಎತ್ತಲಿಲ್ಲ. ನೀವೇ ಬಗ್ಗಿ ನೋಡಿದಿರಿ.

“ನೀವು ಕನಕಪುರದಲ್ಲಿದ್ರಿ ಅಲ್ವಾ? ಫ್ಲೆಕ್ಸ್ ಅಂಗ್ಡೀಲಿ?”

ಹೌದು ಅಂದೆ. ಬಯ್ಯುತ್ತೀರಿ ಎಂದುಕೊಂಡೆ, ಬಯ್ದಿದ್ದರೆ ಚೆನ್ನಾಗಿತ್ತು. ನೀವು ನಕ್ಕಿರಿ. “ಅವತ್ ನಂಗೆ ಕುಡಿಯಾಕೆ ನೀರ್ ಕೊಟ್ಟಿದ್ರಿ ನೀವು. ಮನೇಲಿ ಯಾರೂ ಕೇಳಿರ್ಲಿಲ್ಲ.” ನಿಜ ಹೇಳಲೇ, ನನಗದು ನೆನಪೇ ಇಲ್ಲ.

ಆಮೇಲೆ ಮಗಳು ಹೊರಗೆ ಬಸ್ಸು ನೋಡಲು ಹೋದಾಗ, ದನಿ ತಗ್ಗಿಸಿ ಹೇಳಿದಿರಲ್ಲ, ಅದು ನನ್ನ ಕಿವಿಯಿಂದ ಹೋಗುತ್ತಿಲ್ಲ.

“ಒಂದೊಂದ್ ಸಲ ನಂಗೇ ಅನ್ಮಾನ ಬತ್ತದೆ ಕಣವ್ವ. ನಾನ್ ಹೋಗಿದ್ದು ಹತ್ ಗಂಟೆ ಮೇಲೆ ಅಂತ ನಂಗೆ ಚೆಂದಾಗ್ ಗ್ಯಾನ ಐತೆ. ಆದ್ರೂ ಮಿಷನ್ ಸುಳ್ ಹೇಳ್ತದಾ? ಮಾತ್ರೆ ತರಾಕ್ ಬಂದಾಗ್ಲೇ ನಂಗೇ ಗೊತ್ತಿಲ್ದಂಗೆ ಬರ್ಸುಬುಟ್ನೇನೋ… ನನ್ ಮನಸ್ನಾಗೆ ಅಂಥಾದ್ದು ಏನಾರ ಇತ್ತೇನೋ ಅಂತ.”

ಏಳು ವರ್ಷ ನೀವು ಇದನ್ನು ಹೊತ್ತಿದ್ದೀರಿ! ಊರು ನಿಮ್ಮನ್ನು ನಂಬದೆ ಹೋದದ್ದು ನನಗೆ ಗೊತ್ತಿತ್ತು. ನೀವೇ ನಿಮ್ಮನ್ನು ನಂಬದ ಹಾಗೆ ಮಾಡಿದ್ದೇನೆ ಎಂಬುದು ಗೊತ್ತಿರಲಿಲ್ಲ. ಆಗಲಾದರೂ ಹೇಳಬೇಕಿತ್ತು. ಜೆರಾಕ್ಸ್ ಹಾಳೆಗಳನ್ನು ಜೋಡಿಸಿ ನಿಮ್ಮ ಕೈಗಿಟ್ಟೆ.

ಹೊರಡುವಾಗ ಕೇಳಿದಿರಿ: “ಅವತ್ತಿನ್ ಫೋಟೋ ಏನಾರ ಐತಾ ನಿಮ್ತಾವ? ನಮ್ಮಾವುಂದು. ನನ್ ತಾವ ಒಂದೂ ಇಲ್ಲ, ಈ ಮಗೀಗೆ ತಾತನ ಮಕಾನೇ ಗೊತ್ತಿಲ್ಲ.”

“ಆ ಕಂಪ್ಯೂಟರ್ ಈಗ ಇಲ್ಲ ಅಕ್ಕ,” ಎಂದೆ. ಅದು ನನ್ನ ಕಾಲ ಬಳಿಯೇ ಇತ್ತು. ಒಳಗೆ ಬಂದ ನಿಮ್ಮ ಮಗಳು ಟೇಬಲಿನ ಕಾಲಿಗೆ ಒರಗಿ ನಿಂತಿದ್ದಳು. ಅವಳ ಚೀಲ ಆ ಟವಲಿನ ಮೇಲೆಯೇ ಇತ್ತು. ಅದು ನಿಮಗೆ ಮಾಡಿದ ಎರಡನೆಯ ಮೋಸ.

ಇವತ್ತು ಬೆಳಿಗ್ಗೆ ಟವಲು ತೆಗೆದು ಅದನ್ನು ಹಾಕಿದೆ. ಎಣಿಕೆ ಪೂರ್ತಿ ಮುಗಿಯಲು ಬಿಟ್ಟೆ. ಹಳೇದು ತೆರೆಯಿತು, ಫೈಲ್ ತೆರೆದೆ. ಕೈಯನ್ನು ನಾನು ಅಳಿಸಿರಲಿಲ್ಲ, ಮರೆಮಾಡಿದ್ದೆ ಅಷ್ಟೇ. ನೀಲಿಯನ್ನು ಸರಿಸಿದರೆ ಅದು ಅಲ್ಲೇ ಇತ್ತು — ಹಸಿರು ಬಳೆ, ನೀರಿನ ಲೋಟ. ನಿಮ್ಮ ಮಾವ ನೋಡುತ್ತಿರುವುದು ಕ್ಯಾಮೆರಾವನ್ನಲ್ಲ ಜಯಕ್ಕ, ಆ ಲೋಟವನ್ನು. ನಗುತ್ತಿರುವುದು ನಿಮ್ಮನ್ನು ನೋಡಿ. ಇಷ್ಟು ವರ್ಷ ನನ್ನನ್ನು ನೋಡಿ ನಗುತ್ತಿದ್ದಾರೆ ಎಂದು ಹೆದರಿದ್ದೆ.

ಆ ಫೋಟೋವನ್ನು ಕೈಯ ಸಮೇತ ಅಚ್ಚು ಹಾಕಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನಾಳೆ ಭಾನುವಾರ ಮೊದಲ ಬಸ್ಸಿಗೆ ಸೋಲೂರಿಗೆ ತಂದು ನಿಮ್ಮ ಕೈಗೇ ಕೊಡುತ್ತೇನೆ. ಅಲ್ಲಿಂದ ಈ ಕಂಪ್ಯೂಟರನ್ನು ಹೊತ್ತುಕೊಂಡು ಕೋಡಿಹಳ್ಳಿಗೆ ಹೋಗುತ್ತೇನೆ. ನೀವು ಬರಬೇಕೆಂದಿಲ್ಲ. ಅದೇ ಜಗಲಿಯ ಮೇಲೆ ಅದನ್ನು ಇಟ್ಟು, ಎಲ್ಲರ ಎದುರು ಆರಿಸಿ, ಹಾಕಿ, ಹಗಲು ಹೇಗೆ ಬೆಳಗಿನ ಜಾವವಾಗುತ್ತದೆ ಎಂದು ತೋರಿಸುತ್ತೇನೆ. ನಿಮ್ಮ ಚಿಕ್ಕಮಾವನ ಎದುರು ನಿಂತು, ಅಂದು ಹೇಳಬೇಕಾಗಿದ್ದದ್ದನ್ನು ಹೇಳುತ್ತೇನೆ. ನಿಮ್ಮ ಮನೆ ಅದರಿಂದ ನಿಮಗೆ ವಾಪಸ್ಸು ಬರುವುದಿಲ್ಲ, ಗೊತ್ತು. ಕ್ಷಮಿಸಿ ಎಂದು ಕೇಳುತ್ತಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ನೀವು ಬಂದದ್ದು ಹತ್ತು ಗಂಟೆಯ ಮೇಲೆ, ಜಯಕ್ಕ. ನಾನು ನೋಡಿದ್ದೆ. ನಿಮ್ಮ ನೆನಪು ಸರಿಯಾಗಿಯೇ ಇದೆ, ಇನ್ನು ಮೇಲೆ ಅದನ್ನು ಅನುಮಾನಿಸಬೇಡಿ.

ಈ ಕಾಗದದ ಕೆಳಮೂಲೆಯಲ್ಲೂ ಹೊತ್ತು ಹಾಕಿದ್ದೇನೆ. ಗೋಡೆಯ ಗಡಿಯಾರ ನೋಡಿ, ಬೀದಿಯ ಬಿಸಿಲು ನೋಡಿ, ನನ್ನ ಕೈಯಾರೆ ಬರೆದದ್ದು.

ಶನಿವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ.
ಮಂಜುಳಾ